ಯುದ್ಧಕಾಲದ ಒಲವು

ಯುದ್ಧವು ರಾಜ್ಯಗಳ ಎಲ್ಲೆಯನ್ನು ಬದಲಿಸುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಎಂದೂ ಸಂಧಿಸಲಾರದವರನ್ನು ಅದು ಒಂದೆಡೆಗೆ ತಂದು ಸೇರಿಸುವುದೂ ಉಂಟು. 1942ರ ಜನವರಿಯಿಂದ ಅಮೆರಿಕದ ಸೈನಿಕರು ಬ್ರಿಟನ್ನಿಗೆ ಬಂದಿಳಿಯತೊಡಗಿದರು. ನೃತ್ಯಮಂದಿರಗಳಲ್ಲಿ ಆದ ಪರಿಚಯವು ಪ್ರೇಮವಾಗಿ, ಸುಮಾರು 70,000 ಮಂದಿ ಬ್ರಿಟಿಷ್ ಸ್ತ್ರೀಯರು ಆ ಸೈನಿಕರ ಕೈಹಿಡಿದರೆಂದು ಲೆಕ್ಕ. ಇಂಥ ವಧುಗಳ ಪ್ರವೇಶಕ್ಕೆಂದೇ 1945ರ ಡಿಸೆಂಬರಿನಲ್ಲಿ ಅಮೆರಿಕವು ಶಾಸನವೊಂದನ್ನು ಮಾಡಿತು. 1946ರ ಜನವರಿ 26ರಂದು ‘ಅರ್ಜೆಂಟೀನಾ’ ಎಂಬ ಹಡಗು ಸುಮಾರು 450 ಮಂದಿ ವಧುಗಳೊಡನೆ ಸೌತಾಂಪ್ಟನ್ ಬಂದರನ್ನು ಬಿಟ್ಟು ಹೊರಟಿತು.

ಇದು ದೂರದೇಶದ ಮಾತೆಂದು ತೋರಬಹುದು. ಆದರೆ ಅದಕ್ಕೆ ಐದು ಶತಮಾನಗಳ ಹಿಂದೆಯೇ ನಮ್ಮ ಬೀದರಿನ ಅರಮನೆಯು ಯುದ್ಧದಿಂದ ಹುಟ್ಟಿದ ಒಲವೊಂದನ್ನು ಕಂಡಿತ್ತು. ಭಾಲ್ಕಿ, ಔರಾದಗಳ ಕಡೆಯಿಂದ ಬೀದರಿಗೆ ಬರುವವರು ಅಷ್ಟೂರಿನ ಗುಮ್ಮಟಗಳನ್ನು ನೋಡಿಯೇ ಇರುತ್ತಾರೆ. ಅಲ್ಲಿ ಸಮಾಧಿಯಾಗಿರುವ ಬಹಮನಿ ಸುಲ್ತಾನರಲ್ಲಿ ಎರಡನೆಯ ಅಲಾವುದ್ದೀನ್ ಅಹಮದನೂ ಒಬ್ಬನು. 1436ರಲ್ಲಿ ಪಟ್ಟಕ್ಕೆ ಬಂದ ಈತನು ದಿಲಾವರ ಖಾನನೆಂಬ ಸರದಾರನನ್ನು ಕೊಂಕಣದ ಮೇಲೆ ದಂಡೆತ್ತಿ ಕಳುಹಿಸಿದನು. ಸೋತ ಸಂಗಮೇಶ್ವರದ ಅರಸನು ತನ್ನ ಮಗಳನ್ನು ಒಪ್ಪಿಸಬೇಕಾಯಿತು. ಆಕೆಯ ರೂಪಕ್ಕೆ ಮರುಳಾದ ಸುಲ್ತಾನನು ಆಕೆಯನ್ನು ‘ಜೇಬಾ ಚೆಹರಾ’, ಎಂದರೆ ಚೆಲುಮೊಗದವಳು, ಎಂದು ಕರೆದನು.

ಪಟ್ಟದ ರಾಣಿಯು ಖಾನದೇಶದ ನಾಸಿರ ಖಾನನ ಮಗಳು. ಗಂಡನ ಉಪೇಕ್ಷೆಯನ್ನು ತಾಳಲಾರದೆ ಆಕೆ ತಂದೆಗೆ ದೂರಿತ್ತಳು. ನಾಸಿರನು ಬಿರಾರಿನ ಮೇಲೆ ಏರಿಬಂದನು. ಬೀದರಿನ ಸೇನಾನಿ ಖಲಫ್ ಹಸನನು ರೋಹಣಖೇಡದಲ್ಲಿ ಅವನನ್ನು ಸೋಲಿಸಿ, ಬುರಹಾನಪುರವನ್ನು ಸೂರೆಮಾಡಿದನು. 1437ರಲ್ಲಿ ನಾಸಿರನು ತೀರಿಕೊಂಡನು. ಒಂದು ಯುದ್ಧದಿಂದ ಒದಗಿದ ವಿವಾಹವು ಹೀಗೆ ಇನ್ನೊಂದು ಯುದ್ಧಕ್ಕೆ ಕಾರಣವಾಯಿತು.

ಸುಲ್ತಾನನ ಮೋಹ, ರಾಣಿಯ ಸಂಕಟ, ಮಾವನ ಕೋಪ ಇವೆಲ್ಲವೂ ಇತಿಹಾಸಕ್ಕೆ ಸೇರಿದವು. ಆ ಕೊಂಕಣದ ಕನ್ಯೆಗೆ ಮಾತ್ರ ಉಳಿದುದು ಪತಿಯಿತ್ತ ಹೆಸರೊಂದೇ. ಆಕೆ ಒಲಿದಳೋ, ಅತ್ತಳೋ, ತವರನ್ನು ನೆನೆದಳೋ ಎಂಬುದನ್ನು ಕೇಳಿ ಬರೆದವರಿಲ್ಲ. ಇದನ್ನು ಪ್ರೇಮಕಥೆಯೆಂದು ಕರೆಯಲು ನಾವು ಹಿಂಜರಿಯುವುದು ಇದಕ್ಕಾಗಿಯೇ.

ಬ್ರಿಟನ್ನಿನ ವಧುಗಳಾದರೋ ತಾವಾಗಿ ಒಪ್ಪಿ ಹೋದವರು. ಕೆಲವರು ಸುಖಪಟ್ಟರು, ಕೆಲವರು ನೊಂದು ಹಿಂದಿರುಗಿದರು. ಎರಡನ್ನೂ ಅವರೇ ತಮ್ಮ ಬಾಯಿಂದ ಹೇಳಿದ್ದಾರೆ. ಆದರೆ ಅಲ್ಲಿಯೂ ಇಬ್ಬರ ಒಪ್ಪಿಗೆಯಷ್ಟೇ ಸಾಲದಾಗಿತ್ತು. ಸೈನಿಕನು ಮದುವೆಯಾಗಲು ಮೇಲಧಿಕಾರಿಯ ಅಪ್ಪಣೆ ಬೇಕಾಗಿತ್ತು. ವರನು ಕರಿಯ ಸೈನಿಕನೂ ವಧುವು ಬಿಳಿಯಳೂ ಆಗಿದ್ದರೆ ಆ ಅಪ್ಪಣೆ ಸಾಮಾನ್ಯವಾಗಿ ದೊರೆಯುತ್ತಿರಲಿಲ್ಲ. ಇಂಥವರ ಮಕ್ಕಳಲ್ಲಿ ಅನೇಕರು ತಂದೆಯ ಮುಖವನ್ನು ಕಾಣದೆ ಬೆಳೆದರು.

ಯುದ್ಧಕಾಲದ ಒಲವಿನ ಕಥೆಗಳು ಕಿವಿಗೆ ಇಂಪಾಗಿರುತ್ತವೆ. ಅವನ್ನು ಮೆಚ್ಚುವ ಮೊದಲು, ಹೆಣ್ಣಿನ ಒಪ್ಪಿಗೆಯನ್ನು ಕೇಳಿದವರು ಯಾರು, ಅದಕ್ಕೆ ಬೆಲೆಕೊಟ್ಟವರು ಯಾರು ಎಂದು ನಾವು ವಿಚಾರಿಸುವುದು ಒಳ್ಳೆಯದು.