ದೇಹದೊಳಗಿನ ತುಕ್ಕು
(ತ್ಯಾಮಗೊಂಡ್ಲುವಿನಲ್ಲಿ ದಂಪತಿಗಳನ್ನು ಉದ್ದೇಶಿಸಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಮಳೆಗೆ ನೆನೆದ ನೇಗಿಲಿನ ಗುಳಕ್ಕೆ ತುಕ್ಕು ಹಿಡಿಯುವುದನ್ನು ತಾವೆಲ್ಲರೂ ಕಂಡಿದ್ದೀರಿ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದನ್ನೂ, ಬಹುದಿನ ಇಟ್ಟ ಕಡಲೆಕಾಯಿ ಎಣ್ಣೆ ಕಮಟು ವಾಸನೆ ಬೀರುವುದನ್ನೂ ಗೃಹಿಣಿಯರು ಬಲ್ಲರು. ಈ ಮೂರಕ್ಕೂ ಗಾಳಿಯಲ್ಲಿರುವ ಆಮ್ಲಜನಕವೇ ಕಾರಣ. ನಮ್ಮ ಪ್ರಾಣವನ್ನು ಉಳಿಸುವ ಅದೇ ಆಮ್ಲಜನಕವು ದೇಹದೊಳಗೂ ಸ್ವಲ್ಪಮಟ್ಟಿಗೆ ಇಂತಹುದೇ ಕೆಲಸವನ್ನು ನಡೆಸುತ್ತಿರುತ್ತದೆ.

ಉಂಡ ಆಹಾರವನ್ನು ದೇಹವು ಶಕ್ತಿಯಾಗಿ ಮಾರ್ಪಡಿಸುವಾಗ ಕೆಲವು ಚಂಚಲವಾದ ಕಣಗಳು ಹುಟ್ಟುತ್ತವೆ. ಇವುಗಳಿಗೆ ಫ್ರೀ ರ್ಯಾಡಿಕಲ್‌ಗಳೆಂದು ಹೆಸರು. ಇವುಗಳಲ್ಲಿ ಜೊತೆಯಿಲ್ಲದ ಒಂದು ಎಲೆಕ್ಟ್ರಾನ್ ಇರುತ್ತದೆ. ಒಂಟಿಯಾಗಿರಲಾರದ ಆ ಕಣವು ನೆರೆಯ ಕಣದಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಕಳೆದುಕೊಂಡದ್ದು ಮತ್ತೊಂದರ ಮೇಲೆ ಬೀಳುತ್ತದೆ. ಹೀಗೆ ಜೀವಕೋಶದ ಪೊರೆಗೂ, ವಂಶಗುಣಗಳನ್ನು ಹೊತ್ತಿರುವ ಡಿ.ಎನ್.ಎ.ಗೂ ಪೆಟ್ಟು ಬೀಳುವುದು. ಹಾಗೆಂದು ಇವು ಶುದ್ಧ ಶತ್ರುಗಳಲ್ಲ. ಬಿಳಿಯ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದು ಇವುಗಳ ನೆರವಿನಿಂದಲೇ. ಮಿತಿಮೀರಿದಾಗ ಮಾತ್ರ ಹಾನಿ. ತಮ್ಮದೊಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಈ ಕಿತ್ತಾಟವನ್ನು ನಿಲ್ಲಿಸುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿ ಆಕ್ಸಿಡೆಂಟ್‌ಗಳು ಎನ್ನುತ್ತಾರೆ. ಕೆಲವನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ‘ಸಿ’ ಮತ್ತು ‘ಇ’ ಜೀವಸತ್ವಗಳಂತಹವು ಆಹಾರದಿಂದಲೇ ಬರಬೇಕು.

ಇದನ್ನು ದಂಪತಿಗಳ ಸಭೆಯಲ್ಲಿ ಹೇಳಲು ಕಾರಣವುಂಟು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಒಬ್ಬ ಸಹೋದರಿ ತಮ್ಮ ಅತ್ತೆಯವರೊಡನೆ ನನ್ನ ಬಳಿಗೆ ಬಂದಿದ್ದರು. ಪತಿ ಬಂದಿರಲಿಲ್ಲ. ಅವರನ್ನು ಕರೆತನ್ನಿ ಎಂದೊಡನೆ ಆ ತಾಯಿ, “ನನ್ನ ಮಗ ಮೂಟೆ ಹೊರೋ ಆಳು, ಅವನಿಗೇನಾಗೈತೆ ಡಾಕ್ಟ್ರೇ?” ಎಂದರು. ಸೊಸೆ ತಲೆ ಎತ್ತಲಿಲ್ಲ. ಕೈಚೀಲದಲ್ಲಿ ಯಾರೋ ಮಾರಿದ ಆಂಟಿ ಆಕ್ಸಿಡೆಂಟ್ ಪುಡಿಯ ಡಬ್ಬಿಯೊಂದಿತ್ತು; ಅದನ್ನು ಕೊಳ್ಳಲು ಸಾಲ ಮಾಡಿದ್ದರು. ಮೂರನೆಯ ಬಾರಿ ಹೇಳಿ ಕಳುಹಿಸಿದ ಮೇಲೆ ಪತಿ ಬಂದರು. ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವರು. ಪರೀಕ್ಷೆಯಲ್ಲಿ ಅವರ ವೀರ್ಯಾಣುಗಳ ಸಂಖ್ಯೆ ಕಡಿಮೆ ಇತ್ತು, ಚಲನೆಯೂ ಮಂದವಾಗಿತ್ತು.

ಸಂತಾನವಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯಾಣುವಿನ ಹೊರಪೊರೆಯಲ್ಲಿ ಬೇಗನೆ ಉತ್ಕರ್ಷಣ ಹೊಂದುವ ಕೊಬ್ಬು ಹೇರಳವಾಗಿದೆ. ರಕ್ಷಣೆ ಮಾತ್ರ ಅತ್ಯಲ್ಪ. ಬೀಡಿಯ ಒಂದೊಂದು ದಮ್ಮಿನಲ್ಲಿಯೂ ಅಸಂಖ್ಯ ಫ್ರೀ ರ್ಯಾಡಿಕಲ್‌ಗಳು ಒಳಹೋಗಿ ರಕ್ತದಲ್ಲಿರುವ ‘ಸಿ’ ಜೀವಸತ್ವವನ್ನು ಕರಗಿಸುತ್ತವೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ಇಂದು ಬೀಡಿ ಬಿಟ್ಟವರಿಗೆ ನಾಳೆಯೇ ಫಲ ಕಾಣದು. ಮೂರು ತಿಂಗಳಾದರೂ ತಾಳ್ಮೆ ಬೇಕು. ಅವರು ಬಿಟ್ಟರು. ಮರುಪರೀಕ್ಷೆಯಲ್ಲಿ ಚಲನೆ ಸ್ವಲ್ಪ ಉತ್ತಮಗೊಂಡಿತ್ತು. ಮಗು ಆಗಿಯೇ ಆಗುವುದೆಂದು ನಾನು ಮಾತು ಕೊಡಲಿಲ್ಲ, ಇನ್ನೂ ಚಿಕಿತ್ಸೆಯಲ್ಲಿದ್ದಾರೆ. ಆದರೆ ಈಗ ಇಬ್ಬರೂ ಒಟ್ಟಿಗೆ ಬರುತ್ತಾರೆ. ಆ ಅತ್ತೆಯವರು ಸೊಸೆಯನ್ನು ದೂರುವುದನ್ನು ನಿಲ್ಲಿಸಿದ್ದಾರೆ.

ಡಬ್ಬಿಯ ವಿಷಯವನ್ನೂ ಹೇಳಬೇಕು. 1994ರಲ್ಲಿ ಫಿನ್ಲೆಂಡ್ ದೇಶದ ವೈದ್ಯರು ಧೂಮಪಾನಿಗಳಾದ 29 ಸಾವಿರಕ್ಕೂ ಹೆಚ್ಚು ಪುರುಷರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಕ್ಯಾರಟ್ಟಿನಲ್ಲಿರುವ ಬೀಟಾ ಕ್ಯಾರೊಟೀನನ್ನು ಮಾತ್ರೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡ 18ರಷ್ಟು ಹೆಚ್ಚಾಗಿತ್ತು! 2020ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ಸಂತಾನ ಸಮಸ್ಯೆಯುಳ್ಳ ಪುರುಷರಿಗೆ ಇಂತಹ ಮಾತ್ರೆಗಳನ್ನು ಕೊಟ್ಟರೂ ಅವರ ವೀರ್ಯಾಣುಗಳು ಸುಧಾರಿಸಲಿಲ್ಲ. ಬೀಡಿ ಸೇದುತ್ತಲೇ ಡಬ್ಬಿಯ ಪುಡಿ ತಿನ್ನುವುದೆಂದರೆ ತೂತು ಬಿದ್ದ ಕೊಡಕ್ಕೆ ನೀರು ಸೇದಿದಂತೆ.

ನಮ್ಮ ಅಡುಗೆಮನೆಯಲ್ಲಿ ಈ ವಸ್ತುಗಳಿಗೆ ಬರವಿಲ್ಲ. ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ‘ಸಿ’ ಜೀವಸತ್ವವಿದೆ, ನೆಲ್ಲಿಕಾಯಿಯಲ್ಲಿಯೂ ಹೇರಳವಾಗಿದೆ. ನುಗ್ಗೆಸೊಪ್ಪು, ದಂಟಿನಸೊಪ್ಪು ಹಿತ್ತಲಿನಲ್ಲಿಯೇ ಬೆಳೆಯುತ್ತವೆ. ರಾಗಿಯ ಉತ್ಕರ್ಷಣ ನಿರೋಧಕಗಳು ಬಹುಪಾಲು ಅದರ ಸಿಪ್ಪೆಯಲ್ಲಿವೆಯೆಂದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ್ದಾರೆ. ಮುದ್ದೆ ನುಣುಪಾಗಲೆಂದು ಹಿಟ್ಟನ್ನು ವಸ್ತ್ರಗಾಲಿಸಿ ತೌಡನ್ನು ಚೆಲ್ಲಬೇಡಿ. ಬಸ್ಸಾರು ಮಾಡುವ ನಮ್ಮ ತಾಯಂದಿರನ್ನು ನಾನು ಮೆಚ್ಚುತ್ತೇನೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಅದರಲ್ಲಿಯೇ ಸಾರು ಮಾಡುವುದರಿಂದ ನೀರಿಗಿಳಿದ ಸತ್ವವು ಊಟಕ್ಕೇ ಸಲ್ಲುತ್ತದೆ. ಹಬ್ಬದಲ್ಲಿ ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ಅಭ್ಯಾಸವನ್ನು ಮಾತ್ರ ಕೈಬಿಡಿ.

ತುಕ್ಕಿನ ಮಾತು ಕೇಳಿದ ಒಬ್ಬ ಬಸುರಿ, ಹಾಗಾದರೆ ಕಬ್ಬಿಣದ ಮಾತ್ರೆ ಬೇಡವೇ ಎಂದು ಹಿಂದೊಮ್ಮೆ ಕೇಳಿದ್ದರು. ಬೇಕೇ ಬೇಕು. ಉಪಮಾನವು ಉಪಮಾನವಷ್ಟೆ. ನಾಲ್ಕನೆಯ ತಿಂಗಳಿನಿಂದ 180 ದಿನ, ದಿನಕ್ಕೊಂದರಂತೆ ನುಂಗತಕ್ಕದ್ದು. ಚಹಾದೊಡನೆ ನುಂಗಬಾರದು; ನಿಂಬೆಹಣ್ಣಿನ ಪಾನಕದೊಡನೆ ನುಂಗಿದರೆ ಕಬ್ಬಿಣವು ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಆ ಮನೆಯೊಳಗೆ ಯಾರೂ ಬೀಡಿ ಹಚ್ಚಬಾರದು. ಬಿಡಲು ಕಷ್ಟಪಡುವವರು ಸರ್ಕಾರದ ಉಚಿತ ದೂರವಾಣಿ 1800-11-2356ಕ್ಕೆ ಕರೆ ಮಾಡಬಹುದು, ಇಲ್ಲವೇ ಪತ್ನಿಯೊಡನೆ ನೇರವಾಗಿ ಆಸ್ಪತ್ರೆಗೆ ಬರಬಹುದು.