ಅಭ್ಯಾಸದ ವೇಳೆಯ ಸೌಜನ್ಯ

(ಶತಮಾನೋತ್ಸವದ ಬಲಿಪೂಜೆಗಾಗಿ ವಾದ್ಯವೃಂದದವರು ಮೊದಲ ಬಾರಿ ಅಭ್ಯಾಸಕ್ಕೆ ಸೇರಿದಾಗ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ಶತಮಾನೋತ್ಸವದ ಆಡಂಬರ ಗಾಯನ ಬಲಿಪೂಜೆಗಾಗಿ ನೀವು ಇಂದಿನಿಂದ ಅಭ್ಯಾಸ ಆರಂಭಿಸುತ್ತಿದ್ದೀರಿ. ವಾದ್ಯ ನುಡಿಸುವುದನ್ನು ನಿಮಗೆ ಕಲಿಸುವ ಅರ್ಹತೆ ನನಗಿಲ್ಲ. ಗುರುಮಠದಲ್ಲಿ ಕೆಲವು ವರ್ಷ ಪಿಟೀಲು ಹಿಡಿದವನೆಂಬ ಸಲುಗೆಯಿಂದ ಅಭ್ಯಾಸದ ವೇಳೆಯ ನಡತೆಯನ್ನು ಕುರಿತು ನಾಲ್ಕು ಮಾತುಗಳನ್ನು ಆಡಬಯಸುತ್ತೇನೆ.

ಮೊದಲನೆಯದು ಸಮಯಪಾಲನೆ. ಅಭ್ಯಾಸ 6 ಗಂಟೆಗೆಂದರೆ ಆ ಹೊತ್ತಿಗೆ ವಾದ್ಯವು ಪೆಟ್ಟಿಗೆಯಿಂದ ಹೊರಬಂದು, ಸ್ವರಲಿಪಿಯ ಹಾಳೆ ತೆರೆದಿರಬೇಕು. ಮೊಬೈಲ್ ಫೋನು ಆ ಪೆಟ್ಟಿಗೆಯಲ್ಲಿ ಮಲಗಿರಬೇಕು. 30 ಮಂದಿ ಒಬ್ಬರಿಗಾಗಿ 10 ನಿಮಿಷ ಕಾದರೆ, ಎಲ್ಲರದನ್ನೂ ಕೂಡಿಸಿದಾಗ 5 ಗಂಟೆಗಳು ವ್ಯರ್ಥವಾಗುತ್ತವೆ.

ಎರಡನೆಯದು ಶ್ರುತಿ. ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಓಬೋ ಎಂಬ ಸುಷಿರವಾದ್ಯವು 'ಎ' ಸ್ವರವನ್ನು ಕೊಡುತ್ತದೆ. ಸೆಕೆಂಡಿಗೆ 440 ಕಂಪನಗಳೆಂಬುದು ಅದರ ಸಾಮಾನ್ಯ ಪ್ರಮಾಣ. ಆರ್ಗನ್ ಇರುವೆಡೆ ಅದರ ಶ್ರುತಿಯನ್ನು ಒಡನೆಯೇ ಬದಲಿಸಲಾಗದ ಕಾರಣ ಉಳಿದವರೆಲ್ಲರೂ ಅದಕ್ಕೆ ಹೊಂದಿಕೊಳ್ಳಬೇಕು. ಆ ಗಳಿಗೆಯಲ್ಲಿ ಯಾರೂ ತಮ್ಮ ಮೆಚ್ಚಿನ ರಾಗವನ್ನು ನುಡಿಸಿ ನೋಡಬಾರದು.

ಮೂರನೆಯದು ಮೌನ. ನಿರ್ದೇಶಕರ ಕೈ ನಿಂತೊಡನೆ ವಾದ್ಯಗಳೂ ನಿಲ್ಲಬೇಕು. ಅವರು ಕೊಳಲಿನವರನ್ನು ತಿದ್ದುತ್ತಿರುವಾಗ ಪಿಟೀಲಿನವರು ಹರಟುವುದು ಸಲ್ಲದು. ಅದೇ ರಾಗಭಾಗ ಮುಂದಿನ ಪುಟದಲ್ಲಿ ಅವರ ಪಾಲಿಗೂ ಬಂದೀತು. ಹೇಳಿದ್ದನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿರಿ. ಶಾಯಿ ಬೇಡ, ನಿರ್ದೇಶಕರ ಮನಸ್ಸು ಬದಲಾಗುವುದುಂಟು! ಸಂದೇಹವಿದ್ದರೆ ನಿಮ್ಮ ವಿಭಾಗದ ಮುಖ್ಯಸ್ಥರ ಮೂಲಕ ಕೇಳಿರಿ.

ನಾಲ್ಕನೆಯದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಗುರುಮಠದಲ್ಲಿ ನನ್ನ ಹಿಂದಿನ ಸಾಲಿನಲ್ಲಿ ಕಿರಿಯ ವಿದ್ಯಾರ್ಥಿಯೊಬ್ಬರು ಪಿಟೀಲು ನುಡಿಸುತ್ತಿದ್ದರು. ಒಂದು ಸಂಜೆ, ಎಲ್ಲರೂ ಮೌನವಾಗಿರಬೇಕಾದ ವಿರಾಮದಲ್ಲಿ ಅವರ ಪಿಟೀಲೊಂದೇ ನುಡಿಯಿತು. ನಾನು ಹಿಂತಿರುಗಿ ನೋಡಿ ನಕ್ಕೆ. ಮರುವಾರ ಅವರ ಕುರ್ಚಿ ಬರಿದಾಗಿತ್ತು. ವಿಚಾರಿಸಿದಾಗ "ಓದುವುದು ಬಹಳವಿದೆ" ಎಂದರು. ನಿಜವಾದ ಕಾರಣ ನನಗೆ ತಿಳಿದಿತ್ತು. ಕ್ಷಮೆ ಬೇಡುವ ಧೈರ್ಯ ಬರಲಿಲ್ಲ. ಅವರು ಮತ್ತೆ ಪಿಟೀಲು ಹಿಡಿದುದನ್ನು ನಾನು ಕಾಣಲಿಲ್ಲ. ಅವರ ತಪ್ಪು ಕ್ಷಣಮಾತ್ರದ್ದು. ನನ್ನ ತಪ್ಪು ನಲವತ್ತು ವರ್ಷಗಳಿಂದ ನನ್ನೊಡನಿದೆ.

ಆದುದರಿಂದ ತಪ್ಪಿದವರತ್ತ ತಿರುಗಿ ನೋಡಬೇಡಿರಿ. ತಪ್ಪು ನಿಮ್ಮದಾದರೆ ನಿರ್ದೇಶಕರಿಗೆ ಕಾಣುವಂತೆ ಕೈಯನ್ನು ಸ್ವಲ್ಪ ಎತ್ತಿದರೆ ಸಾಕು. ತಪ್ಪುಗಳು ಹೊರಬಂದು ತಿದ್ದಿಕೊಳ್ಳಲೆಂದೇ ಅಭ್ಯಾಸವಿರುವುದು.

ವೆನಿಸ್ ನಗರದ ಆಂಟೋನಿಯೊ ವಿವಾಲ್ಡಿ 1703ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪಿಯೆತಾ ಎಂಬ ಅನಾಥಾಲಯದಲ್ಲಿ ಪಿಟೀಲು ಶಿಕ್ಷಕರಾದರು. ಅಲ್ಲಿನ ಹೆಣ್ಣುಮಕ್ಕಳ ವಾದ್ಯವೃಂದವು ಯೂರೋಪಿನಲ್ಲೆಲ್ಲ ಹೆಸರಾಯಿತು. ಅವರು ಜಾಲರಿಯ ಮರೆಯಲ್ಲಿ ನುಡಿಸುತ್ತಿದ್ದರು. ಹೊರಗಿನವರಿಗೆ ಯಾರ ಮುಖವೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ, ಸಂಗೀತ ಮಾತ್ರ ಕೇಳುತ್ತಿತ್ತು. ನಮ್ಮ ದೇವಾಲಯದಲ್ಲಿ ಅಂಥ ಜಾಲರಿಯಿಲ್ಲ. ಆದರೂ ಹಬ್ಬದ ದಿನ ಭಕ್ತರ ಕಿವಿಗೆ ಯಾರೊಬ್ಬರೂ ಬೇರೆಯಾಗಿ ಕೇಳಿಸದೆ, ಎಲ್ಲರೂ ಒಂದಾಗಿ ಕೇಳಿಸಲಿ. ಯಾರ ಕುರ್ಚಿಯೂ ಬರಿದಾಗದಿರಲಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.