ಚೀನೀಯರ ಮಾಂಸದ ಕಡುಬು
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಮಾಂಸ ತಿನ್ನುವವರೂ ಇದ್ದೀರಿ, ತಿನ್ನದವರೂ ಇದ್ದೀರಿ. ಇಬ್ಬರಿಗೂ ಉಪಯೋಗವಾಗಲೆಂದು ಚೀನೀಯರ ‘ಬಾವ್‌ಜಿ’ ಎಂಬ ತಿಂಡಿಯ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆ. ಬೆಳಿಗ್ಗೆ ಕೆಲಸಕ್ಕೆ ಓಡುವ ಚೀನೀಯರು ಬೀದಿಯಂಗಡಿಯಲ್ಲಿ ಕೊಂಡು ಕೈಯಲ್ಲೇ ಹಿಡಿದು ತಿನ್ನುವ ತಿಂಡಿ ಇದು. ಕಲ್ಕತ್ತೆಯ ಟಿರೆಟ್ಟಿ ಬಜಾರಿನಲ್ಲಿಯೂ ಚೀನೀ ಮೂಲದವರು ಬೆಳಗಿನ ಹೊತ್ತು ಇದನ್ನು ಮಾರುವುದುಂಟು.

ಮಾಡುವ ರೀತಿ ನಮಗೆ ತೀರ ಹೊಸದಲ್ಲ. ಮೈದಾಹಿಟ್ಟಿಗೆ ಈಸ್ಟ್ ಬೆರೆಸಿ, ನಾದಿ, ಉಬ್ಬಲು ಬಿಡುತ್ತಾರೆ. ಸಣ್ಣಗೆ ಕೊಚ್ಚಿದ ಹಂದಿಮಾಂಸಕ್ಕೆ ಎಲೆಕೋಸು, ಈರುಳ್ಳಿ ಸೊಪ್ಪು, ಶುಂಠಿ, ಸೋಯಾ ಸಾಸ್, ಎಳ್ಳೆಣ್ಣೆ ಸೇರಿಸಿ ಹೂರಣ ಮಾಡುತ್ತಾರೆ. ಲಟ್ಟಿಸಿದ ಹಿಟ್ಟಿನೊಳಗೆ ಹೂರಣವಿಟ್ಟು, ಅಂಚನ್ನು ನೆರಿಗೆ ಹಿಡಿದು ಮುಚ್ಚಿ, ಬಿದಿರಿನ ಬುಟ್ಟಿಯಲ್ಲಿ ಹಬೆಯ ಮೇಲೆ ಬೇಯಿಸುತ್ತಾರೆ. ನಮ್ಮ ಹೂರಣದ ಕಡುಬಿಗೆ ಇದು ದೂರದ ದಾಯಾದಿ ಎನ್ನಬಹುದು.

ಇದರಲ್ಲಿ ಸತ್ವವೆಷ್ಟು? ಹಂದಿಮಾಂಸದ ಕಡುಬು 100 ಗ್ರಾಂ ತಿಂದರೆ ಸುಮಾರು 225 ಕ್ಯಾಲೊರಿ, 7 ಗ್ರಾಂ ಸಸಾರಜನಕ, 10 ಗ್ರಾಂ ಕೊಬ್ಬು ದೊರೆಯುತ್ತವೆ. ಮಾಂಸ ಮತ್ತು ಹಿಟ್ಟಿನ ಪ್ರಮಾಣದಂತೆ ಇದು ಹೆಚ್ಚು ಕಡಿಮೆಯಾಗುತ್ತದೆ. ಗೋಧಿಯ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಆ ಕೊರತೆಯನ್ನು ಮಾಂಸ ತುಂಬುತ್ತದೆ. ಇಡ್ಲಿಯಲ್ಲಿ ಅಕ್ಕಿಯ ಕೊರತೆಯನ್ನು ಉದ್ದು ತುಂಬುವುದೂ ಹೀಗೆಯೇ. ಹಂದಿಮಾಂಸದಲ್ಲಿ ಬಿ1 ಜೀವಸತ್ವವೂ ಚೆನ್ನಾಗಿದೆ.

ದೋಷಗಳೂ ಉಂಟು. ಹಬೆಯಲ್ಲಿ ಬೆಂದದ್ದೆಲ್ಲ ಹಗುರವೆಂದು ನಂಬಬೇಡಿ. ಎಣ್ಣೆಯಲ್ಲಿ ಕರಿಯದಿದ್ದರೂ ಕೊಬ್ಬು ಹೂರಣದೊಳಗೇ ಅಡಗಿರುತ್ತದೆ. ಮೈದಾದಲ್ಲಿ ನಾರು ಅಲ್ಪ, ಸೋಯಾ ಸಾಸಿನಲ್ಲಿ ಉಪ್ಪು ಬಹಳ. ಹುಳಿಹಿಟ್ಟಿಗೆ ಸೋಡ ಅತಿಯಾದರೆ ಹಿಟ್ಟಿನ ಬಿ1 ನಾಶವಾಗುತ್ತದೆ. ಕೊಚ್ಚಿದ ಮಾಂಸ ಬೇಗ ಕೆಡುವುದರಿಂದ, ಹಬೆಯಿಂದ ಆಗ ತಾನೇ ಇಳಿಸಿದ್ದನ್ನೇ ತಿನ್ನಬೇಕು.

ಇದನ್ನೆಲ್ಲ ಏಕೆ ಹೇಳಿದೆ? ಊರು ಬಿಟ್ಟು ಬಂದು, ಸಂಬಳದ ಅರ್ಧವನ್ನು ಮನೆಗೆ ಕಳುಹಿಸಿ, ಚಹಾ ಬನ್ನಿನಲ್ಲಿಯೇ ರಾತ್ರಿ ಕಳೆಯುವ ಗೆಳೆಯರು ನಮ್ಮಲ್ಲಿದ್ದಾರೆ. ಬರಿಯ ಹಿಟ್ಟು ಹೊಟ್ಟೆ ತುಂಬಿಸುತ್ತದೆ, ಮೈಯನ್ನು ಕಟ್ಟುವುದಿಲ್ಲ. ಚೀನೀ ಕೆಲಸಗಾರನ ಒಂದು ಕಡುಬಿನಲ್ಲಿ ಹಿಟ್ಟು, ಮಾಂಸ, ತರಕಾರಿ ಮೂರೂ ಕೂಡಿವೆ. ನಾವೂ ಬನ್ನಿನ ಜೊತೆಗೆ ಒಂದು ಮೊಟ್ಟೆಯನ್ನೋ ಹಿಡಿ ಹುರಿಗಡಲೆಯನ್ನೋ, ಒಂದು ಟೊಮ್ಯಾಟೊವನ್ನೋ ಸೇರಿಸಿಕೊಂಡರೆ ಹೆಚ್ಚು ಖರ್ಚಿಲ್ಲದೆ ಊಟ ಊಟವಾಗುತ್ತದೆ. ನೀವು ಕಳುಹಿಸುವ ಹಣಕ್ಕಾಗಿ ಮಾತ್ರವಲ್ಲ, ನಿಮ್ಮ ಆರೋಗ್ಯಕ್ಕಾಗಿಯೂ ಊರಿನಲ್ಲಿ ಹಂಬಲಿಸುವವರಿದ್ದಾರೆಂಬುದನ್ನು ಮರೆಯಬಾರದು.